ಬೀಗದಕ್ಕ ಕಿತ್ತ ಬಾಗಿಲು

ಕೋಟೆಯೊಳಗಿನ ಊರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಹೆಸರಿಟ್ಟ ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಗಂಡ ಮದುವೆಯಾದ ವಾರದಿಂದ 'ಇವಳೇ' ಎಂದು ಶುರುಮಾಡಿದವನು ಐವತ್ತಾರು ತುಂಬಿದರೂ ಅದನ್ನು ಬದಲಿಸಿರಲಿಲ್ಲ. ಮಿಕ್ಕವರಿಗೆಲ್ಲ ಅವಳು ಬೀಗದಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು.

ಅವಳ ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. "ತೆಗೆಯೋ ಕೈ ಯಾರದ್ದು ಅಂತ ಬೀಗ ಕೇಳುತ್ತಾ?" ಎಂದು ಹನ್ನೆರಡನೇ ವಯಸ್ಸಿಗೇ ಮಗಳ ಕೈಗೆ ಅರ ಕೊಟ್ಟಿದ್ದ. ಕಸುಬಿನ ಜೊತೆಗೆ ಎರಡು ಮಾತನ್ನೂ ಕಲಿಸಿದ್ದ. ಮನೆಯವರು ಪಕ್ಕದಲ್ಲಿ ನಿಂತಿರದೆ ಯಾವ ಬಾಗಿಲನ್ನೂ ತೆಗೆಯಬೇಡ. ಯಾರ ಮನೆಯ ಕೀಲಿಕೈಗೂ ಎರಡನೇ ಪ್ರತಿ ಇಟ್ಟುಕೊಳ್ಳಬೇಡ. ಮೂವತ್ತೊಂಬತ್ತು ವರ್ಷದಲ್ಲಿ ಬೀಗದಕ್ಕ ಎರಡನೆಯದನ್ನು ಒಮ್ಮೆಯೂ ಮೀರಲಿಲ್ಲ. ಮೊದಲನೆಯದನ್ನು ಎರಡು ಸಲ ಮೀರಿದಳು. ಒಂದು ಸಲ ಮೋಸಹೋಗಿ, ಇನ್ನೊಂದು ಸಲ ಬೇಕೆಂದೇ.

ಅವಳ ಅಂಗಡಿ ಇದ್ದದ್ದು ಕೋಟೆಗೋಡೆಯ ಬುಡದ ಓಣಿಯಲ್ಲಿ, ಸ್ವಂತ ಮನೆಯ ಮುಂದಿನ ಕೋಣೆಯಲ್ಲಿ. ಓಣಿ ಎಷ್ಟು ಕಿರಿದೆಂದರೆ ಎದುರುಮನೆಯವರು ಸೀನಿದರೆ ಈ ಮನೆಯವರು ಮುಖ ಒರೆಸಿಕೊಳ್ಳಬೇಕು ಎಂದು ಗಂಡ ತಮಾಷೆ ಮಾಡುತ್ತಿದ್ದ. ಒಂದು ಬದಿಯ ಮೂವತ್ತೊಂದು ಮನೆಗಳು ಕೋಟೆಗೋಡೆಗೇ ಬೆನ್ನುಕೊಟ್ಟು ನಿಂತಿದ್ದವು. ಆರು ವರ್ಷದ ಹಿಂದೆ ಗೋಡೆಯ ಮೇಲಿನ ದಾರಿಯನ್ನು ನೋಡಲು ಬರುವವರಿಗೆ ತೆರೆದಾಗ ಎಲ್ಲರೂ ಖುಷಿಪಟ್ಟಿದ್ದರು. ಪಾಳುಬಿದ್ದ ಕಲ್ಲಿಗೆ ಬೆಲೆ ಬಂತು, ದೀಪ ಬಂತು, ಚರಂಡಿ ದುರಸ್ತಿಯಾಯಿತು. ಅವಳ ಗಂಡನಿಗೂ ಗಡಿಯಾರದ ಗೋಪುರದ ಟಿಕೆಟ್ ಕಿಂಡಿಯಲ್ಲಿ ಕೆಲಸ ಸಿಕ್ಕಿತು.

ಆಮೇಲೆ ಜನ ಬಂದರು. ಬರುತ್ತಲೇ ಇದ್ದರು. ಬೆಳಗ್ಗೆ ಎಂಟಕ್ಕೆ ಶುರುವಾದರೆ ಕಲ್ಲುಹಾಸಿನ ಮೇಲೆ ಪೆಟ್ಟಿಗೆಗಳ ಗಾಲಿ ಕಟಕಟ ಎನ್ನುವುದು ನಿಲ್ಲುತ್ತಿರಲಿಲ್ಲ. ದಿನಸಿ ಅಂಗಡಿ ಹೋಗಿ ಗೊಂಬೆ ಅಂಗಡಿಯಾಯಿತು. ಹಿಟ್ಟಿನ ಗಿರಣಿ ಹೋಗಿ ಕಾಫಿ ಕುಡಿಯುವ ಜಾಗವಾಯಿತು. ಮಕ್ಕಳಿಲ್ಲವೆಂದು ಶಾಲೆ ಮುಚ್ಚಿತು. ಒಂದು ದಿನ ಬೀಗದಕ್ಕ ಒಲೆಯ ಮುಂದಿದ್ದಾಗ ಗಂಡಹೆಂಡಿರಿಬ್ಬರು ನೇರ ಅಡುಗೆಮನೆಗೇ ಬಂದು, ಡಬ್ಬಿಗಳನ್ನೆಲ್ಲ ನೋಡಿ, 'ಟಿಕೆಟ್ ಎಲ್ಲಿ ಕೊಡ್ತಾರೆ' ಎಂದು ಸನ್ನೆಯಲ್ಲಿ ಕೇಳಿದ್ದರು.

"ನಾವೇನು ಮೃಗಾಲಯದ ಪ್ರಾಣಿಗಳಾ?" ಎಂದು ಅವಳು ಗಂಡನ ಮೇಲೆ ಹರಿಹಾಯ್ದಿದ್ದಳು.

"ಅವ್ರು ಬರದೇ ಇದ್ರೆ ನಾನು ಯಾರಿಗೆ ಟಿಕೆಟ್ ಹರೀಲಿ? ಗೋಡೆಗಾ?" ಎಂದು ಅವನು ತಣ್ಣಗೆ ಊಟ ಮುಂದುವರಿಸಿದ್ದ.

ಎಲ್ಲಕ್ಕಿಂತ ಕಷ್ಟವಾದದ್ದು ಗೋಡೆಯ ಬದಿಯ ಹೆಂಗಸರಿಗೆ. ಆ ಮನೆಗಳ ಮಹಡಿಯ ಬಚ್ಚಲ ಗವಾಕ್ಷಿಗಳು ಸರಿಯಾಗಿ ಗೋಡೆಯ ಮೇಲಿನ ದಾರಿಯ ಎತ್ತರಕ್ಕೇ ಬರುತ್ತಿದ್ದವು. ಹಿಂದೆ ಅಲ್ಲಿ ಪಾರಿವಾಳ ಬಿಟ್ಟರೆ ಯಾರೂ ಓಡಾಡುತ್ತಿರಲಿಲ್ಲ. ಈಗ ತಲೆಗೆ ನೀರು ಹಾಕಿಕೊಂಡು ಕಣ್ಣು ಬಿಟ್ಟರೆ ಕ್ಯಾಮೆರಾ ಹಿಡಿದ ಮುಖ. ನಗರಸಭೆಗೆ ಅರ್ಜಿ ಕೊಟ್ಟರು; ಮರೆ ಕಟ್ಟಿದರೆ ಪುರಾತನ ಗೋಡೆಯ ಅಂದ ಕೆಡುತ್ತದೆ ಎಂದು ಉತ್ತರ ಬಂತು. ಕೊನೆಗೆ ಒಬ್ಬೊಬ್ಬರಾಗಿ ಬೀಗದಕ್ಕನ ಬಳಿಗೇ ಬಂದರು. ಅವಳು ಏಣಿ ಹಾಕಿ, ಗವಾಕ್ಷಿಗೆ ಗಟ್ಟಿ ಹಲಗೆ ಕೊಟ್ಟು, ನಾಲ್ಕು ಮೂಲೆಗೂ ತಿರುಪು ಬಿಗಿದು ಮುಚ್ಚಿದಳು. ಎಲ್ಲರಿಗಿಂತ ಮೊದಲು ಮುಚ್ಚಿದ್ದು ಎದುರುಮನೆಯದನ್ನು, ಅಂದರೆ ಅವಳ ನಾದಿನಿಯದನ್ನು.

ಗಂಡನ ತಂಗಿಯಾದ ಈ ನಾದಿನಿ ಬಾಯಿಗೆ ಬಂದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವಳಲ್ಲ. ಗಂಡ ತೀರಿಕೊಂಡ ಮೇಲೆ ಬಟ್ಟೆ ಹೊಲಿದು ಮಗಳನ್ನು ಓದಿಸಿ ಮದುವೆ ಮಾಡಿದವಳು. ಎರಡು ವರ್ಷದ ಹಿಂದೆ ಅವಳು ಕೆಳಗಿನ ಕೋಣೆಗಳಿಗೆ ಬೀಗ ಹಾಕಿ, ಮಹಡಿಯನ್ನು ನೋಡಲು ಬರುವವರಿಗೆ ಬಾಡಿಗೆಗೆ ಕೊಟ್ಟು, ತಾನು ಹೊಸ ಬಡಾವಣೆಯಲ್ಲಿ ಮಗಳ ಪಕ್ಕ ಮನೆ ಮಾಡಿದಳು. ಆ ದಿನದಿಂದ ಅತ್ತಿಗೆ ನಾದಿನಿಯರ ಮಾತು ಅರ್ಧವಾಯಿತು, ಉಳಿದರ್ಧವೂ ಜಗಳ.

"ಹೊಲಿಗೆ ಯಂತ್ರ ತುಳಿದು ತುಳಿದು ಮಂಡಿ ಹೋಯ್ತು ಅತ್ತಿಗೆ. ಈಗ ಮನೇನೇ ದುಡಿದು ಹಾಕ್ತಿದೆ, ನಿಮಗ್ಯಾಕೆ ಸಂಕಟ?"

"ನನಗೇನೂ ಸಂಕಟ ಇಲ್ಲಮ್ಮ. ಎದುರುಮನೇಲಿ ದಿನಕ್ಕೊಂದು ಹೊಸ ಮುಖ. ನಾಳೆ ನಾನು ಬಿದ್ದು ಸತ್ರೂ ಯಾರನ್ನ ಕೂಗಲಿ?"

ಇಷ್ಟೆಲ್ಲ ಆಡಿದರೂ ಮಹಡಿಯ ಬಾಗಿಲಿಗೆ ನಂಬರ್ ಬೀಗ ಬೇಕೆಂದಾಗ ಕೂರಿಸಿಕೊಟ್ಟವಳು ಅವಳೇ. ಬೇರೆಯವನು ಬಂದು ಅಷ್ಟು ಒಳ್ಳೆಯ ಬಾಗಿಲಿಗೆ ಅಡ್ಡಾದಿಡ್ಡಿ ತೂತು ಕೊರೆಯುವುದನ್ನು ನೋಡಲು ಅವಳ ಕೈಲಿ ಆಗುತ್ತಿರಲಿಲ್ಲ.

ಮೋಸಹೋದ ಸಂಗತಿ ನಡೆದದ್ದು ಅದಾದ ಮೇಲೆ, ಓಣಿಯ ತುದಿಯ ಇನ್ನೊಂದು ಬಾಡಿಗೆ ಮನೆಯಲ್ಲಿ. ಒಳ್ಳೆ ಬಟ್ಟೆ ತೊಟ್ಟ ಜೋಡಿಯೊಂದು ಬಂದು, ನಂಬರ್ ಮರೆತುಹೋಗಿದೆ, ಫೋನು ಒಳಗಿದೆ, ಹುಷಾರಿಲ್ಲದ ಮಾವನಿಗೆ ಮಾತ್ರೆ ಬೇಕು ಎಂದು ಅತ್ತರು. ಬೀಗದಕ್ಕನ ಮನಸ್ಸು ಕರಗಿತು. ತೆಗೆದುಕೊಟ್ಟಳು. ಸಂಜೆ ಆ ಕೋಣೆಯಲ್ಲಿ ನಿಜವಾಗಿ ಇಳಿದುಕೊಂಡಿದ್ದವರು ಬಂದಾಗ ಚೀಲವೂ ಇರಲಿಲ್ಲ, ಕ್ಯಾಮೆರಾವೂ ಇರಲಿಲ್ಲ. ಮರುದಿನ ಬೆಳಗಿನಿಂದ ಸಂಜೆಯವರೆಗೆ ಅವಳನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಅಪ್ಪನ ಕಾಲದ ಸಾಮಾನು ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದು ಒಂದೊಂದನ್ನೂ ಎತ್ತಿ ನೋಡಿದರು. ಬಿಡುವಾಗ ದಫೇದಾರ ಹೇಳಿದ:

"ನೋಡಮ್ಮ, ವಯಸ್ಸಾದವರು ಅಂತ ಬಿಡ್ತಿದ್ದೀವಿ. ಇನ್ನೊಂದ್ಸಲ ಮಾಲೀಕರಿಲ್ದೆ ಬಾಗಿಲು ಮುಟ್ಟಿದ್ರೆ ಪೆಟ್ಟಿಗೆ ನಮ್ಮ ಹತ್ರ, ನೀವು ಒಳಗೆ."

ಅವಳಿಗೆ ಆಗ ಐವತ್ತೊಂದು ವರ್ಷ. ವಯಸ್ಸಾದವರು ಎಂದದ್ದಕ್ಕಿಂತ, ಕಳ್ಳಿಯ ಹಾಗೆ ನೋಡಿದ್ದು ಅವಳನ್ನು ಸುಟ್ಟಿತು. ಆಮೇಲೆ ಎಷ್ಟೋ ದಿನ ಓಣಿಯಲ್ಲಿ ತಲೆ ಎತ್ತಿ ನಡೆಯಲಿಲ್ಲ.

ಇದಾಗಿ ಎಂಟು ತಿಂಗಳಿಗೆ ಮೂರು ದಿನದ ರಜೆ ಒಟ್ಟಿಗೆ ಬಂತು. ಎರಡನೇ ದಿನ ಓಣಿಯಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಬೆಳಗ್ಗೆ ನಾದಿನಿ ಹಾಸಿಗೆ ಬಟ್ಟೆ ಬದಲಿಸಿ, ಹೊಸದಾಗಿ ಬಂದ ತಾಯಿಮಗಳನ್ನು ಮಹಡಿಗೆ ಹತ್ತಿಸಿ ಹೋಗಿದ್ದಳು. ಮಗಳಿಗೆ ಎಂಟೋ ಒಂಬತ್ತೋ. ಕೆಂಪು ಬೂಟು ಹಾಕಿಕೊಂಡಿದ್ದ ಆ ಹುಡುಗಿ ಅಂಗಡಿಯ ಮುಂದೆ ನಿಂತು, ಗೋಡೆಗೆ ನೇತುಹಾಕಿದ್ದ ಹಳೆಯ ಬೀಗಗಳನ್ನು ಬೆರಳಿನಿಂದ ಎಣಿಸುತ್ತಿತ್ತು. ಅದಕ್ಕೆ ಈ ಭಾಷೆ ಬಾರದು, ಇವಳಿಗೆ ಅದರದು ಬಾರದು. ತಾಯಿ ನಗುತ್ತ ಫೋನ್ ಎತ್ತಿದ್ದೇ ತಡ, ಬೀಗದಕ್ಕ ಕೈಯಾಡಿಸಿ "ಹೋಗಿ, ಹೋಗಿ, ಮುಂದೆ ಹೋಗಿ" ಎಂದು ಗದರಿದಳು. ಹುಡುಗಿಯ ಮುಖ ಸಣ್ಣದಾಯಿತು. ಬೀಗದಕ್ಕನಿಗೆ ಒಳಗೊಳಗೇ ಚುಚ್ಚಿತು, ಆದರೂ ಕೆಲಸದಿಂದ ತಲೆ ಎತ್ತಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೆ ಸ್ವಲ್ಪ ಮುಂಚೆ ಎದುರುಮನೆಯ ಮಹಡಿಯ ಕೊಳವೆಯಿಂದ ಚರಂಡಿಗೆ ನೀರು ಬೀಳತೊಡಗಿತು. ಓಣಿಗೆಲ್ಲ ದಿನ ಬಿಟ್ಟು ದಿನ ಒಂದು ಗಂಟೆ ನೀರು. ಆ ವಾರ ಅದೂ ಸರಿಯಾಗಿ ಬಂದಿರಲಿಲ್ಲ. ಹತ್ತು ನಿಮಿಷ ನೋಡಿದಳು. ನಿಲ್ಲಲಿಲ್ಲ. ಹಬೆಯಾಡುವ ಬಿಸಿನೀರು ಸುಮ್ಮನೆ ಧಾರೆಯಾಗಿ ಹರಿದುಹೋಗುತ್ತಿತ್ತು. ಅವಳ ರಕ್ತ ಕುದಿಯಿತು. ಅರ ಕೆಳಗಿಟ್ಟು, ಜನರ ನಡುವೆ ನುಗ್ಗಿ, ಹೊರಗಿನ ಕಲ್ಲುಮೆಟ್ಟಿಲು ಹತ್ತಿ ಮಹಡಿಯ ಬಾಗಿಲು ಬಡಿದಳು.

"ಏನ್ರೀ ಇದು, ನೀರು ಅಂದ್ರೆ ನೀರಾ? ನಿಲ್ಲಿಸ್ರೀ!"

ಉತ್ತರವಿಲ್ಲ. ಬಾಗಿಲ ಹೊರಗೆ ಎರಡು ಜೊತೆ ಕಾಲುಡುಗೆ ಇದ್ದವು. ದೊಡ್ಡ ಚಪ್ಪಲಿ, ಪಕ್ಕದಲ್ಲಿ ಕೆಂಪು ಬೂಟು. ಒಳಗೆ ಫೋನೊಂದು ಬಾರಿಸಿ ಬಾರಿಸಿ ನಿಂತಿತು. ಮತ್ತೆ ಶುರುವಾಯಿತು. ಯಾರೂ ಎತ್ತಲಿಲ್ಲ.

ಬೀಗದಕ್ಕನ ಕೋಪ ಎಲ್ಲಿ ಹೋಯಿತೋ. ಬಾಗಿಲಿಗೆ ಕಿವಿ ಹಚ್ಚಿದಳು. ನೀರು ಬೀಳುವ ಸದ್ದು, ಅದರ ಹಿಂದೆ ಗೀಸರಿನ ಗ್ಯಾಸ್ ಉರಿಯುವ ಭುಸುಭುಸು. ನಾದಿನಿ ಗ್ಯಾಸ್ ಗೀಸರ್ ಹಾಕಿಸಿದ್ದು ಅವಳಿಗೆ ಗೊತ್ತಿತ್ತು. ಆ ಬಚ್ಚಲಿಗೆ ಗಾಳಿಯಾಡಲು ಇದ್ದ ಒಂದೇ ಗವಾಕ್ಷಿಯನ್ನು ತಾನೇ ಮುಚ್ಚಿದ್ದೂ ಗೊತ್ತಿತ್ತು. ಈ ಎರಡನ್ನೂ ಅವಳು ಒಟ್ಟಿಗೆ ಯೋಚಿಸಿದ್ದು ಮಾತ್ರ ಆ ಕ್ಷಣದಲ್ಲಿ, ಅದೇ ಮೊದಲು. ಗಾಳಿಯಿಲ್ಲದ ಬಚ್ಚಲಲ್ಲಿ ಉರಿದ ಗ್ಯಾಸು ವಿಷ.

ನಾದಿನಿಗೆ ಫೋನ್ ಮಾಡಿದಳು. ಬಾರಿಸಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಗಂಡನಿಗೆ ಮಾಡಿದಳು.

"ರೀ, ನಿಮ್ಮ ತಂಗಿ ಮಹಡೀಲಿ ತಾಯಿಮಗು ಮಾತಾಡ್ತಿಲ್ಲ. ಬಾಗಿಲು ತೆಗೀಬೇಕು."

ಆ ಕಡೆ ಟಿಕೆಟ್ ಸಾಲಿನ ಗದ್ದಲ. "ಮುಟ್ಬೇಡ ಇವಳೇ! ನಿನ್ನ ಕೈ ಮುಗೀತೀನಿ. ಕೋಟೆ ಹೊರಬಾಗಿಲ ಚೌಕಿಗೆ ಹೇಳ್ತೀನಿ, ಪೊಲೀಸ್ನೋರು ಬರ್ಲಿ."

"ಈ ಜನದಲ್ಲಿ ಅವ್ರು ಬರೋದು ಯಾವಾಗ?"

"ಹೋದ್ಸಲ ಬೆಂಚಿನ ಮೇಲೆ ಕೂತಿದ್ದು ಮರೆತ್ಯಾ?"

ಮರೆತಿರಲಿಲ್ಲ. ಕೆಳಗೆ ಓಣಿಯಲ್ಲಿ ಜನ ತಲೆ ಎತ್ತಿ ನೋಡತೊಡಗಿದ್ದರು. ನಾದಿನಿಯ ಪಕ್ಕದ ಮನೆಯ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ಮುಚ್ಚಿಹೋದ ಶಾಲೆಯ ಕೊನೆಯ ಹೆಡ್ಮೇಷ್ಟ್ರು ಅವರು. ಈಗ ಬಾಡಿಗೆ ಮನೆಗಳನ್ನೆಲ್ಲ ಮುಚ್ಚಿಸಬೇಕೆಂದು ಹೋರಾಡುವ ನಿವಾಸಿಗಳ ಸಂಘದ ಅಧ್ಯಕ್ಷರು.

"ಮಲಗಿರ್ತಾರೆ ಕಣಮ್ಮ," ಎಂದರು ಅವರು. "ಅವಸರ ಬೇಡ. ನಾಡಿದ್ದು ಸಭೆ ಇದೆ, ಇದನ್ನೂ ಅರ್ಜೀಲಿ ಸೇರಿಸೋಣ."

"ಮೇಷ್ಟ್ರೇ, ಮಲಗೋರು ನಲ್ಲಿ ಬಿಟ್ಟು ಮಲಗ್ತಾರಾ?"

ಮೇಷ್ಟ್ರು ಚರಂಡಿಗೆ ಬೀಳುತ್ತಿದ್ದ ನೀರನ್ನು ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ, "ನಾನು ಸಾಕ್ಷಿಗೆ ನಿಲ್ತೀನಿ," ಎಂದರು. ಹೇಳಿದ ಮೇಲೆ ತಮ್ಮ ಮಾತಿಗೆ ತಾವೇ ಬೆಚ್ಚಿದವರಂತೆ ಕಂಡರು.

ಬೀಗದಕ್ಕ ಒಂದೇ ಉಸಿರಿಗೆ ಇಳಿದು ಸಾಮಾನು ಪೆಟ್ಟಿಗೆ ತಂದಳು. ಅಷ್ಟರಲ್ಲಿ ಕೆಳಗೆ ಹತ್ತಾರು ಫೋನುಗಳು ಎತ್ತಿ ನಿಂತಿದ್ದವು. ಬೀಗ ಒಡೆಯುವ ಹೆಂಗಸನ್ನು ಹಿಡಿದಿಟ್ಟುಕೊಳ್ಳುವ ಆಸೆ ಅವರಿಗೆ. ಇವಳ ಬೆನ್ನು ಉರಿಯುತ್ತಿತ್ತು. ನಂಬರ್ ಬೀಗವನ್ನು ಮುಟ್ಟಲಿಲ್ಲ. ಅದನ್ನು ಕೂರಿಸಿದವಳು ತಾನೇ. ಕೊರೆದು ತೆಗೆಯಲು ಅರ್ಧ ಗಂಟೆ ಬೇಕೆಂದು ಗೊತ್ತು. ಆದರೆ ಆ ಬಾಗಿಲು ಹೊರಕ್ಕೆ ತೆರೆಯುವಂಥದು. ಬಾಗಿಲನ್ನು ಚೌಕಟ್ಟಿಗೆ ಹಿಡಿದಿದ್ದ ಮೂರು ಬಿಜಾಗರಿಗಳೂ ಹೊರಗೇ ಇದ್ದವು. ಅವುಗಳ ಮೊಳೆಗಳನ್ನು ಮೇಲಕ್ಕೆ ಹೊಡೆದೆಬ್ಬಿಸಿದರೆ ಬೀಗ ಇದ್ದ ಹಾಗೇ ಇದ್ದು ಬಾಗಿಲೇ ಕಳಚಿ ಬರಬೇಕು.

ಕೆಳಗಿನ ಮೊಳೆ ನಾಲ್ಕು ಏಟಿಗೆ ಬಂತು. ನಡುವಿನದಕ್ಕೆ ಎಣ್ಣೆ ಹಾಕಿ ಹೊಡೆದಳು, ಅದೂ ಬಂತು. ಮೇಲಿನದು ತುಕ್ಕು ಹಿಡಿದು ಕಚ್ಚಿ ಕೂತಿತ್ತು. ಹತ್ತು ಏಟು. ಇಪ್ಪತ್ತು. ಸುತ್ತಿಗೆ ಜಾರಿ ಹೆಬ್ಬೆರಳ ಮೇಲೆ ಬಿತ್ತು, ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿತು. ಒಳಗೆ ಫೋನು ಮೂರನೇ ಸಲ ಬಾರಿಸುತ್ತಿತ್ತು. ಯಾವುದೋ ಊರಿನಲ್ಲಿ ಯಾರೋ ಇವರ ದನಿಗಾಗಿ ಕಾಯುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿತು.

"ಬಾರೋ, ಮುಂಡೇದೇ, ಬಾ!" ಎಂದು ಮೊಳೆಯನ್ನೇ ಬೈದಳು. ಉಳಿಯನ್ನು ಓರೆಯಾಗಿಟ್ಟು ಬಿಜಾಗರಿಯ ತಲೆಗೇ ಹೊಡೆದಳು. ಕಬ್ಬಿಣ ಮುರಿಯಿತು. ಬಾಗಿಲು ಒಂದು ಕಡೆಗೆ ವಾಲಿತು. ಮೇಷ್ಟ್ರು ಎಪ್ಪತ್ತನೇ ವಯಸ್ಸಿನಲ್ಲಿ ಅದಕ್ಕೆ ಹೆಗಲು ಕೊಟ್ಟರು. ಇಬ್ಬರೂ ಸೇರಿ ಎಳೆದು ಪಕ್ಕಕ್ಕೆ ಹಾಕಿದರು.

ಕೋಣೆಯ ಕಿಟಕಿಗಳು ಓಣಿಯ ಗದ್ದಲಕ್ಕೆ ಮುಚ್ಚಿದ್ದವು. ಮಂಚದ ಆಚೆ, ಬಚ್ಚಲ ಹೊಸ್ತಿಲಿಗೆ ಅಡ್ಡವಾಗಿ ತಾಯಿ ಬೋರಲು ಬಿದ್ದಿದ್ದಳು. ಅವಳ ಎರಡೂ ಕೈ ಮಗಳ ಕಂಕುಳಲ್ಲಿ ಸಿಕ್ಕಿಕೊಂಡಿದ್ದವು. ಬಿದ್ದ ಮಗುವನ್ನು ಹೊರಗೆ ಎಳೆಯಲು ಬಂದವಳು ಅರ್ಧಕ್ಕೇ ಕುಸಿದಿದ್ದಳು. ಹುಡುಗಿಯ ಕಾಲು ಇನ್ನೂ ಬಚ್ಚಲಲ್ಲಿ, ಬಿಸಿನೀರಿನಲ್ಲಿ.

"ಉಸಿರು ಬಿಗಿ ಹಿಡೀರಿ ಮೇಷ್ಟ್ರೇ, ಒಳಗೆ ನಿಲ್ಬೇಡಿ!"

ನಲ್ಲಿ ತಿರುಗಿಸಿ ಗ್ಯಾಸ್ ಆರಿಸಿದಳು. ಹುಡುಗಿಯನ್ನು ಹಾಸಿಗೆ ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡು ಮೆಟ್ಟಿಲ ತಲೆಗೆ ಓಡಿದಳು. ಮೇಷ್ಟ್ರು ತಾಯಿಯ ತೋಳು ಹಿಡಿದು ಎಳೆಯಲಾರದೆ ಎಳೆಯುತ್ತಿದ್ದರು. ಅಷ್ಟರಲ್ಲಿ ಕೆಳಗೆ ಫೋನ್ ಹಿಡಿದಿದ್ದವರಲ್ಲೇ ಇಬ್ಬರು ದಾಂಡಿಗರು ಅದನ್ನು ಜೇಬಿಗೆ ತುರುಕಿ ಮೆಟ್ಟಿಲು ಹಾರಿ ಬಂದರು. ಅವರ ಮಾತು ಯಾರಿಗೂ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಒಬ್ಬ ತಾಯಿಯ ಹೆಗಲು ಹಿಡಿದ, ಇನ್ನೊಬ್ಬ ಕಾಲು.

ಬೀಗದಕ್ಕನಿಗೂ ತಲೆ ತಿರುಗುತ್ತಿತ್ತು. ಹುಡುಗಿಯ ಕೆನ್ನೆ ತಟ್ಟಿದಳು. "ಕಣ್ಣು ಬಿಡೇ ಕಂದ. ಬೀಗ ಎಷ್ಟಿದೆ ಅಂತ ಎಣಿಸ್ತಿದ್ದೆಯಲ್ಲ, ಎಷ್ಟಿದೆ ಹೇಳು, ಹೇಳೇ..." ಹುಡುಗಿಯ ಎದೆ ಸಣ್ಣಗೆ ಏರಿ ಇಳಿಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಮೇಷ್ಟ್ರು ಅಂಬುಲೆನ್ಸಿಗೆ ಫೋನ್ ಹಚ್ಚಿದರು, ಆದರೆ ಅದು ಕೋಟೆಯ ಹೊರಬಾಗಿಲವರೆಗೆ ಮಾತ್ರ ಬರಬಹುದು. ಅಲ್ಲಿಗೆ ಮುನ್ನೂರು ಹೆಜ್ಜೆ. ಮುನ್ನೂರು ಹೆಜ್ಜೆಗೂ ಜನ.

ಅವಳು ಗಂಡನಿಗೆ ಫೋನ್ ಮಾಡಿ ಕಿರುಚಿದಳು: "ಬಾಗಿಲು ಕಿತ್ತಾಯ್ತು! ಇಬ್ರಿಗೂ ಪ್ರಜ್ಞೆ ಇಲ್ಲ. ನನ್ನ ಆಮೇಲೆ ಬೈಕೊಳ್ಳಿ. ಈಗ ದಾರಿ ಬಿಡಿಸ್ರೀ!"

ಒಂದು ನಿಮಿಷವೂ ಆಗಿರಲಿಲ್ಲ. ಗೋಪುರದ ಮೇಲಿನ ಧ್ವನಿವರ್ಧಕ ಕರಕರ ಎಂದಿತು. ದಿನವೂ 'ಸಾಲಾಗಿ ಬನ್ನಿ, ಟಿಕೆಟ್ ಹರಿಸಿಕೊಳ್ಳಿ' ಎಂದು ನಿದ್ದೆಗಣ್ಣಿನಲ್ಲಿ ಹೇಳುತ್ತಿದ್ದ ಆ ದನಿ ಈಗ ನಡುಗುತ್ತಿತ್ತು.

"ಗೋಡೆ ಪಕ್ಕದ ಓಣೀಲಿರೋರು ಎಲ್ರೂ ನಿಂತಲ್ಲೇ ನಿಲ್ಲಿ! ಎರಡು ಕಡೆ ಗೋಡೆಗೆ ಒತ್ಕೊಳ್ಳಿ! ಮಗು ಬರ್ತಿದೆ, ದಾರಿ ಬಿಡಿ! ದಾರಿ ಬಿಡಿ!" ಆಮೇಲೆ ಅದನ್ನೇ ಬೇರೆ ಎರಡು ಭಾಷೆಯಲ್ಲಿ, ಹರಕುಮುರುಕಾಗಿ. ಟಿಕೆಟ್ ಹರಿಯುತ್ತ ಹರಿಯುತ್ತ ಅಷ್ಟು ಕಲಿತಿದ್ದ.

ಜನ ಗೋಡೆಗೆ ಅಂಟಿಕೊಂಡರು. ಪೆಟ್ಟಿಗೆಗಳನ್ನು ತಲೆಯ ಮೇಲೆ ಎತ್ತಿ ಹಿಡಿದರು. ನಡುವೆ ಮೊಳದಗಲದ ದಾರಿ ಬಿತ್ತು. ಬೀಗದಕ್ಕ ಬರಿಗಾಲಲ್ಲಿ, ಎಂಟೊಂಬತ್ತು ವರ್ಷದ ಮಗುವನ್ನು ಎದೆಗವಚಿಕೊಂಡು ಓಡಿದಳು. ಅರ್ಧದಾರಿಗೆ ಮಂಡಿ ಕುಸಿಯಿತು. ಯಾರೋ ಕಪ್ಪು ಕನ್ನಡಕದ ಹೆಂಗಸು ಮಗುವನ್ನು ಎತ್ತಿಕೊಂಡು ಮುಂದೆ ಓಡಿದಳು. ಹೊರಬಾಗಿಲ ಗಾಳಿ ತಾಗುವ ಹೊತ್ತಿಗೆ ಹುಡುಗಿ ಒಮ್ಮೆ ಕೆಮ್ಮಿ ಆ ಹೆಂಗಸಿನ ಹೆಗಲ ಮೇಲೆಲ್ಲ ವಾಂತಿ ಮಾಡಿಕೊಂಡಿತು. ಹಿಂದಿನಿಂದ ಏದುಸಿರು ಬಿಡುತ್ತ ಬಂದ ಬೀಗದಕ್ಕ ಅದನ್ನು ನೋಡಿ ಕಲ್ಲಿನ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತಳು.

ತಾಯಿಗೆ ಪ್ರಜ್ಞೆ ಬಂದದ್ದು ಮರುದಿನ ಮುಂಜಾನೆ. ಇಬ್ಬರೂ ಉಳಿದರು.

ಅದೇ ಬೆಳಗ್ಗೆ ವಿಚಾರಣೆ. ಬಾಗಿಲಿಲ್ಲದ ಆ ಕೋಣೆಯಲ್ಲಿ ನಗರಸಭೆಯ ಇಂಜಿನಿಯರು, ದಫೇದಾರ, ಮೇಷ್ಟ್ರು, ಬೀಗದಕ್ಕ, ಅವಳ ಗಂಡ ಸೇರಿದರು. ನಾದಿನಿ ಒಂದೇ ರಾತ್ರಿಗೆ ಹತ್ತು ವರ್ಷ ಮುದಿಯಾದವಳ ಹಾಗೆ ಮೂಲೆಯಲ್ಲಿ ನಿಂತಿದ್ದಳು. ಹಿಂದಿನ ದಿನ ಅವಳ ಫೋನು, ಪರದೆ ಕೊಳ್ಳಲು ಹೋಗಿದ್ದ ಅಂಗಡಿಯಲ್ಲಿ ಆರಿಸಿದ ಬಟ್ಟೆಗಳ ರಾಶಿಯ ಕೆಳಗೆ ಸಿಕ್ಕಿಕೊಂಡಿತ್ತಂತೆ.

ಇಂಜಿನಿಯರು ಬಚ್ಚಲ ಮೇಲೆ ಬೆಳಕು ಹಾಯಿಸಿದರು. "ಇಲ್ಲೊಂದು ಗವಾಕ್ಷಿ ಇತ್ತು. ಮುಚ್ಚಿದೋರು ಯಾರು?"

ಗಂಡ ಬೀಗದಕ್ಕನ ಕಾಲನ್ನು ತನ್ನ ಕಾಲಿನಿಂದ ಮೆಲ್ಲಗೆ ಒತ್ತಿದ. ಅದರ ಅರ್ಥ ಅವಳಿಗೆ ಗೊತ್ತಿತ್ತು. ಬಾಯಿಗೆ ಬೀಗ ಹಾಕ್ಕೋ. ದಫೇದಾರ ಪುಸ್ತಕ ಬಿಚ್ಚಿ ಪೆನ್ನು ಹಿಡಿದಿದ್ದ. ಎಂಟು ತಿಂಗಳ ಹಿಂದೆ ಅವಳ ಹೆಸರು ಬರೆದುಕೊಂಡದ್ದೂ ಅದೇ ಪುಸ್ತಕದಲ್ಲಿ. ಉಗುಳಿದರೆ ಠಾಣೆ, ನುಂಗಿದರೆ ನಾದಿನಿಯೊಬ್ಬಳ ತಲೆಗೇ ಎಲ್ಲ.

"ನಾನೇ ಮುಚ್ಚಿದ್ದು," ಎಂದಳು.

ಗಂಡ ಕಣ್ಣು ಮುಚ್ಚಿಕೊಂಡ.

"ಯಾಕೆ?"

"ಹೊರಗೆ ಹೋಗಿ ಗೋಡೆ ಮೇಲೆ ನಿಂತ್ಕೊಂಡು ಈ ಕಡೆ ನೋಡಿ ಸ್ವಾಮಿ, ಯಾಕೆ ಅಂತ ನಿಮಗೇ ಗೊತ್ತಾಗತ್ತೆ. ನಾವು ಅರ್ಜಿ ಕೊಟ್ವಿ. ನಿಮ್ಮ ಆಫೀಸು ಅಂದ ಕೆಡತ್ತೆ ಅಂತು. ಸ್ನಾನ ಮಾಡೋದ ಬಿಡೋಕಾಗತ್ತಾ? ತಿರುಪು ಬಿಗಿದೆ. ಇದೊಂದೇ ಅಲ್ಲ, ಮೂವತ್ತೊಂದರಲ್ಲಿ ಇಪ್ಪತ್ತೇಳು ನಾನೇ ಬಿಗಿದಿದ್ದು. ಎಷ್ಟು ಮನೇಲಿ ಗ್ಯಾಸ್ ಗೀಸರ್ ಇದೆ ಅಂತ ಈಗ ಎಣಿಸಿದ್ರೆ ನನಗೆ ನಿದ್ದೆ ಬರಲ್ಲ."

"ಅತ್ತಿಗೇದೇನೂ ತಪ್ಪಿಲ್ಲ," ಎಂದಳು ನಾದಿನಿ ತಟ್ಟನೆ. "ಅವ್ರು ಹಲಗೆ ಹೊಡೆದಾಗ ಇಲ್ಲಿ ಒಲೆ ನೀರು. ಗೀಸರ್ ಆಮೇಲೆ ಹಾಕ್ಸಿದ್ದು ನಾನು. ಗಾಳಿ ಬೇಕು ಅಂತ ಹಾಕೋನು ಹೇಳಿದ್ದ, ಆಮೇಲೆ ನೋಡೋಣ ಅಂದೆ. ಬರ್ಕೊಳ್ಳಿ."

ದಫೇದಾರ ಇಬ್ಬರನ್ನೂ ನೋಡಿದ. ಪೆನ್ನಿನ ಮುಚ್ಚಳ ಹಾಕಿ ತೆಗೆದು ಹಾಕಿದ. ಕೊನೆಗೆ, ಜೀವ ಉಳಿಸಲು ಬಾಗಿಲು ತೆಗೆದದ್ದೆಂದು ಮೇಷ್ಟ್ರ ಸಾಕ್ಷಿಯ ಮೇಲೆ ಬರೆದುಕೊಂಡ. ಆದರೂ ಬೀಗದಕ್ಕ ಮೂರು ಸಲ ಠಾಣೆಗೆ ಹೋಗಿ ಸಹಿ ಹಾಕಿ ಬರಬೇಕಾಯಿತು. ನಾದಿನಿಯ ಮಹಡಿಗೆ ನಗರಸಭೆ ಬೀಗಮುದ್ರೆ ಹಾಕಿತು.

ಅದರ ಮರುದಿನವೇ ವಾಚನಾಲಯದಲ್ಲಿ ಸಂಘದ ಸಭೆ. ಅಷ್ಟು ಜನ ಹಿಂದೆಂದೂ ಸೇರಿರಲಿಲ್ಲ. ಬಾಡಿಗೆ ಮನೆಗಳನ್ನೆಲ್ಲ ಮುಚ್ಚಿಸಬೇಕೆಂಬ ಅರ್ಜಿ ಮೇಜಿನ ಮೇಲಿತ್ತು. ಮೇಷ್ಟ್ರು ಬೀಗದಕ್ಕನನ್ನು ಮುಂದಕ್ಕೆ ಕರೆದರು. "ಕಣ್ಣಾರೆ ಕಂಡದ್ದನ್ನ ಹೇಳಮ್ಮ. ಆಮೇಲೆ ಮೊದಲ ಸಹಿ ನಿಂದೇ."

ಅವಳು ನಿಂತಳು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಸಭೆಯಲ್ಲಿ ಮಾತಾಡಿ ಗೊತ್ತಿಲ್ಲ.

"ನನಗೆ ಈ ನೋಡೋಕೆ ಬರೋ ಜನ ಕಂಡ್ರೆ ಆಗಲ್ಲ," ಎಂದಳು. ಕೆಲವರು ನಕ್ಕರು. "ಈಗಲೂ ಆಗಲ್ಲ. ಆ ಮಗೂನ ಬೆಳಗ್ಗೆ ನಾನೇ ಗದರಿಸಿ ಕಳಿಸಿದ್ದೆ. ಆದ್ರೆ ಮೆಟ್ಟಿಲು ಹತ್ತಿ ಬಂದು ಎತ್ತಿದೋರೂ ಅವ್ರೇ. ಸಾಯ್ತಿದ್ರಲ್ಲ, ಅದು ಬಾಡಿಗೆಗೆ ಕೊಟ್ಟಿದ್ದಕ್ಕೆ ಮಾತ್ರ ಅಲ್ಲ. ಆ ಮನೇಲಿ ನಮ್ಮೋರು ಯಾರೂ ಇರ್ಲಿಲ್ಲ. ಕೂಗಿದ್ರೆ ಓ ಅನ್ನೋರಿಲ್ಲ. ಬರೋರು ಬರ್ಲಿ. ಅವ್ರು ಮಲಗೋ ಮನೇಲಿ ಮನೆಯೋರೂ ಮಲಗ್ಬೇಕು. ಹಾಗಂತ ಬರೆದ್ರೆ ಸಹಿ ಹಾಕ್ತೀನಿ. ಎಲ್ಲಾ ಮುಚ್ಚಿಸಿ ಅಂದ್ರೆ ಹಾಕಲ್ಲ."

ಗಲಾಟೆ ಎದ್ದಿತು. "ಗಂಡ ಟಿಕೆಟ್ ಹರೀತಾನೆ, ಇನ್ನೇನು ಹೇಳ್ತಾಳೆ?" ಎಂದು ಹಿಂದಿನಿಂದ ಯಾರೋ ಕೂಗಿದರು. "ನಾದಿನೀನ ಉಳಿಸ್ಕೊಳ್ಳೋ ನಾಟಕ" ಎಂದಿತು ಇನ್ನೊಂದು ದನಿ. ಬೀಗದಕ್ಕನ ಮುಖ ಕೆಂಪಾಯಿತು, ಆದರೆ ಕೂರಲಿಲ್ಲ. ಮೇಷ್ಟ್ರು ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಕನ್ನಡಕ ಏರಿಸಿ ಒಂದು ಸಾಲು ಹೊಡೆದುಹಾಕಿ ಇನ್ನೊಂದು ಬರೆದರು. ಅರ್ಧ ಜನ ಸಹಿ ಹಾಕಿದರು. ಉಳಿದರ್ಧ ಎದ್ದುಹೋದರು, ಅವರಲ್ಲಿ ಕೆಲವರು ಇಂದಿಗೂ ಮೇಷ್ಟ್ರ ಜೊತೆ ಮಾತು ಬಿಟ್ಟಿದ್ದಾರೆ.

ಆಸ್ಪತ್ರೆಯಿಂದ ಬಿಟ್ಟ ದಿನ ತಾಯಿ ಮಗಳ ಕೈ ಹಿಡಿದು ಅಂಗಡಿಗೆ ಬಂದಳು. ತಾಯಿ ಬೀಗದಕ್ಕನ ಗಾಯದ ಹೆಬ್ಬೆರಳನ್ನು ಎರಡು ಕೈಯಲ್ಲಿ ಹಿಡಿದು, ಹಣೆಗೆ ಒತ್ತಿಕೊಂಡು ಅತ್ತಳು. ಬೀಗದಕ್ಕ ಬಿಡಿಸಿಕೊಳ್ಳಲಿಲ್ಲ. "ಆಯ್ತು ಬಿಡಮ್ಮ, ಆಯ್ತು ಬಿಡು," ಎಂದಷ್ಟೇ ಹೇಳುತ್ತಿದ್ದಳು. ಹುಡುಗಿ ತಾಯಿಯ ಸೊಂಟ ಬಿಡದೆ ಬಾಗಿಲ ಕಡೆಗೇ ನೋಡುತ್ತಿತ್ತು. ಇನ್ನೂ ಮುಚ್ಚಿದ ಕೋಣೆ ಕಂಡರೆ ಹೆದರುತ್ತಿತ್ತೋ ಏನೋ.

ಆ ವಾರದಿಂದ ಬೀಗದಕ್ಕ ಅಂಗಡಿ ಮುಚ್ಚಿ ಏಣಿ ಹೊತ್ತಳು. ಇಪ್ಪತ್ತೇಳು ಮನೆಗಳ ಹಲಗೆಗಳನ್ನು ತಾನೇ ಬಿಚ್ಚಿದಳು. ಅವುಗಳ ಜಾಗದಲ್ಲಿ, ಗಾಳಿ ಬರಲಿ ಕಣ್ಣು ಬಾರದಿರಲಿ ಎಂದು, ತಗಡಿನ ಪಟ್ಟಿಗಳನ್ನು ಒಂದರ ಮೇಲೊಂದು ಓರೆಯಾಗಿ ಕೂರಿಸಿದಳು. ಒಂಬತ್ತು ಬಚ್ಚಲಲ್ಲಿ ಗ್ಯಾಸ್ ಗೀಸರ್ ಸಿಕ್ಕಿತು. ಆ ಒಂಬತ್ತರಲ್ಲಿ ಆರು, ಯಾರಿಗೂ ಬಾಡಿಗೆಗೆ ಕೊಡದೆ ಓಣಿಯವರೇ ವಾಸವಿದ್ದ ಮನೆಗಳು.

ನಾಲ್ಕು ತಿಂಗಳ ಮೇಲೆ ನಗರಸಭೆ ಮುದ್ರೆ ತೆಗೆಯಿತು. ಮನೆಯವರು ವಾಸವಿಲ್ಲದ ಮನೆಗೆ ಪರವಾನಗಿ ಕೊಡಬೇಕೋ ಬೇಡವೋ ಎಂಬುದು ಇನ್ನೂ ಕಡತದಲ್ಲೇ ಇದೆ. ಆದರೆ ನಾದಿನಿ ಅದಕ್ಕೆ ಕಾಯಲಿಲ್ಲ. ಒಂದು ಮಧ್ಯಾಹ್ನ ಹಾಸಿಗೆ ಸುತ್ತಿಕೊಂಡು, ಹೊಲಿಗೆ ಯಂತ್ರವನ್ನು ತಳ್ಳುಗಾಡಿಯಲ್ಲಿ ಹಾಕಿಸಿಕೊಂಡು, ಜನರ ನಡುವೆ "ದಾರಿ, ದಾರಿ" ಎಂದು ಬೈಯುತ್ತ ಬಂದಳು. ಕೆಳಗಿನ ಕೋಣೆಗಳ ಬೀಗ ತುಕ್ಕು ಹಿಡಿದು ತೆಗೆಯಲು ಬರಲಿಲ್ಲ. ಬೀಗದಕ್ಕ ಎಣ್ಣೆ ಶೀಸೆ ಹಿಡಿದು ಓಣಿ ದಾಟಿದಳು.

"ಮಗಳ ಪಕ್ಕ ಇರೋದು ಸಾಕಾಯ್ತಾ?"

"ಅಲ್ಲಿ ಜಗಳ ಆಡೋಕೆ ಯಾರೂ ಇಲ್ಲ ಅತ್ತಿಗೆ. ಎಲ್ರೂ ಬಾಗಿಲು ಹಾಕ್ಕೊಂಡಿರ್ತಾರೆ."

ಈಗ ಮಹಡಿಯಲ್ಲಿ ಒಂದೇ ಕೋಣೆಯನ್ನು ಬಾಡಿಗೆಗೆ ಕೊಡುತ್ತಾಳೆ, ಕೆಳಗೆ ತಾನಿರುತ್ತಾಳೆ. ನೀರು ಬರುವ ದಿನ ಕೊಡ ಮೊದಲು ಯಾರದ್ದು ಎಂದು ಅತ್ತಿಗೆ ನಾದಿನಿಯರು ಇಡೀ ಓಣಿಗೆ ಕೇಳುವಂತೆ ಕಿತ್ತಾಡುತ್ತಾರೆ. ಅದನ್ನು ನೋಡಲು ಜನ ನಿಂತರೆ ಇಬ್ಬರೂ ಒಟ್ಟಾಗಿ ಅವರನ್ನು ಗದರಿಸಿ ಮುಂದಕ್ಕೆ ಸಾಗಿಸುತ್ತಾರೆ.